ಬೈಸನ್ ಮಂದೆಯೂ ಅದರ ಚಿತ್ರಕಾರರೂ

ಒಂದು ನಾಡಿನ ಚರಿತ್ರೆಯನ್ನು ತಿಳಿಯಬೇಕಾದರೆ ನಾವು ಸಾಮಾನ್ಯವಾಗಿ ಅರಸರ ಶಾಸನಗಳನ್ನೂ ಸೇನಾಪತಿಗಳ ಪತ್ರಗಳನ್ನೂ ಸರ್ಕಾರದ ಕಡತಗಳನ್ನೂ ಹುಡುಕುತ್ತೇವೆ. ಆದರೆ ಒಂದು ಕಾಡುಮೃಗದ ಚಿತ್ರಗಳನ್ನು ಕ್ರಮವಾಗಿ ಎದುರಿಗಿಟ್ಟುಕೊಂಡೇ ಒಂದು ದೊಡ್ಡ ಭೂಭಾಗದ ನೂರು ವರ್ಷಗಳ ಕಥೆಯನ್ನು ಓದಲು ಸಾಧ್ಯವಿದೆ. ಅಮೆರಿಕದ ಪಶ್ಚಿಮದ ಹುಲ್ಲುಗಾವಲಿನ ಬೈಸನ್ ಅಂಥದೊಂದು ಮೃಗ. ಟಾಕೀಸುಗಳಲ್ಲಿ ನಾವೆಲ್ಲ ನೋಡಿದ ಕುದುರೆ, ಪಿಸ್ತೂಲು, ಧೂಳಿನ ಸಿನಿಮಾಗಳಲ್ಲಿ ಅದು ಆಗೊಮ್ಮೆ ಈಗೊಮ್ಮೆ ಓಡಿ ಮರೆಯಾಗುತ್ತಿತ್ತು. ಆ ಸಿನಿಮಾಗಳ ಹಿಂದಿರುವ ನಿಜವಾದ ಕಥೆ ಹೆಚ್ಚು ದಾರುಣವಾದದ್ದು. ಕೊನೆಯಲ್ಲಿ ಸ್ವಲ್ಪ ಸಮಾಧಾನವನ್ನೂ ಕೊಡುವಂಥದ್ದು.

ಮೊದಲು ಎರಡು ಮಾತುಗಳನ್ನು ಸ್ಪಷ್ಟಮಾಡಿಕೊಳ್ಳೋಣ. ಅಮೆರಿಕದ ಚರಿತ್ರೆಯಲ್ಲಿ 'ಫ್ರಾಂಟಿಯರ್' ಎಂದರೆ ಎರಡು ದೇಶಗಳ ನಡುವಣ ಗಡಿಯಲ್ಲ. ಬಿಳಿಯರ ವಸತಿ ಎಲ್ಲಿಗೆ ಮುಗಿಯುತ್ತಿತ್ತೋ ಆ ಅಂಚು. ವರ್ಷದಿಂದ ವರ್ಷಕ್ಕೆ ಅದು ಪಶ್ಚಿಮಕ್ಕೆ ಸರಿಯುತ್ತ ಹೋಯಿತು. 1803ರಲ್ಲಿ ಅಮೆರಿಕ ಸರ್ಕಾರ ಫ್ರಾನ್ಸಿನಿಂದ ಎಂಟು ಲಕ್ಷ ಚದರ ಮೈಲಿಗೂ ಹೆಚ್ಚಿನ ಲೂಸಿಯಾನ ಪ್ರದೇಶವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡಿತು. ಮಾರಿದವರಾಗಲಿ ಕೊಂಡವರಾಗಲಿ ಅಲ್ಲಿ ತಲೆತಲಾಂತರದಿಂದ ವಾಸವಾಗಿದ್ದ ಜನರನ್ನು ಒಂದು ಮಾತೂ ಕೇಳಲಿಲ್ಲ. 1804ರಿಂದ 1806ರವರೆಗೆ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಇಬ್ಬರು ಸೇನಾಧಿಕಾರಿಗಳು ಮಿಸ್ಸೂರಿ ನದಿಯನ್ನು ಹಿಡಿದು ಪೆಸಿಫಿಕ್ ಸಾಗರದವರೆಗೆ ಹೋಗಿಬಂದರು. 1890ರ ಜನಗಣತಿಯ ಹೊತ್ತಿಗೆ 'ಇನ್ನು ಅಂಥ ಅಂಚು ಎಂಬುದೇ ಉಳಿದಿಲ್ಲ' ಎಂದು ಸರ್ಕಾರವೇ ಸಾರಿತು. ನಮ್ಮ ಕಥೆಯೆಲ್ಲ ನಡೆಯುವುದು ಬಹುಮಟ್ಟಿಗೆ ಈ ಎಂಬತ್ತು ತೊಂಬತ್ತು ವರ್ಷಗಳ ಅವಧಿಯಲ್ಲಿ.

ಎರಡನೆಯದು ಮೃಗದ ಹೆಸರು. ಮಲೆನಾಡಿನ ಕಾಡುಗಳಲ್ಲಿ ನಾವು ಕಾಟಿ ಎಂದೋ ಕಾಡುಕೋಣ ಎಂದೋ ಕರೆಯುವ ಪ್ರಾಣಿಯನ್ನು ಇಂಗ್ಲಿಷ್ ಬೇಟೆಗಾರರು ಬೈಸನ್ ಎಂದು ಕರೆದು ರೂಢಿಮಾಡಿದರು. ನಿಜವಾಗಿ ಅದು ಬೇರೆ, ಇದು ಬೇರೆ. ಅಮೆರಿಕದ ಬೈಸನ್ನಿಗೆ ದೊಡ್ಡ ತಲೆ, ಗುಡ್ಡದಂಥ ಹಿಣಿಲು, ಮುಂಭಾಗವನ್ನೆಲ್ಲ ಮುಚ್ಚುವ ದಟ್ಟ ಉಣ್ಣೆಗೂದಲು, ಗಡ್ಡ. ದೊಡ್ಡ ಹೋರಿ ಆರು ಅಡಿ ಎತ್ತರ ನಿಲ್ಲುತ್ತದೆ, ಒಂಬತ್ತು ನೂರು ಕಿಲೋ ತೂಗುತ್ತದೆ. ಅಮೆರಿಕದ ಜನ ಇದನ್ನು 'ಬಫಲೊ' ಎನ್ನುತ್ತಾರಾದರೂ ನಮ್ಮ ಎಮ್ಮೆಗೂ ಇದಕ್ಕೂ ಸಮೀಪದ ನಂಟಿಲ್ಲ. ಬಿಳಿಯರು ಬರುವ ಮೊದಲು ಇವು ಮೂರು ಕೋಟಿಯಿಂದ ಆರು ಕೋಟಿಯವರೆಗೆ ಇದ್ದಿರಬಹುದೆಂದು ವಿದ್ವಾಂಸರ ಅಂದಾಜು.

ಹುಲ್ಲುಗಾವಲಿನ ಮೂಲನಿವಾಸಿಗಳಿಗೆ, ಅಂದರೆ ನಾವು ಚಿಕ್ಕಂದಿನ ಪಠ್ಯಪುಸ್ತಕಗಳಲ್ಲಿ 'ರೆಡ್ ಇಂಡಿಯನ್ನರು' ಎಂದು ಓದಿದ ಜನರಿಗೆ, ಈ ಮೃಗವೇ ಜೀವನಾಧಾರ. ಮಾಂಸ ಊಟಕ್ಕೆ, ತೊಗಲು ಗುಡಾರಕ್ಕೆ ಮತ್ತು ಹೊದಿಕೆಗೆ, ನರ ಬಿಲ್ಲಿನ ಹೆದೆಗೆ ಮತ್ತು ಹೊಲಿಗೆಗೆ, ಕೊಂಬು ಚಮಚಕ್ಕೆ, ಮೂಳೆ ಹತ್ಯಾರಕ್ಕೆ. ಮರವಿಲ್ಲದ ಬಯಲಿನಲ್ಲಿ ಅದರ ಒಣಗಿದ ಸಗಣಿಯೇ ಉರುವಲು. ನಮ್ಮ ಹಳ್ಳಿಗಳ ಬೆರಣಿಯಂತೆಯೇ. ಇಷ್ಟೇ ಅಲ್ಲ, ಅವರ ಚರಿತ್ರೆಯ ಪುಸ್ತಕವೂ ಅದರ ತೊಗಲೇ. ಲಕೋಟ ಮೊದಲಾದ ಜನಾಂಗಗಳಲ್ಲಿ ವರ್ಷಕ್ಕೊಂದು ಚಿತ್ರ ಬರೆದಿಡುವ ಪದ್ಧತಿಯಿತ್ತು. ಹಿರಿಯರು ಕೂಡಿ ಆ ವರ್ಷದ ಮುಖ್ಯ ಘಟನೆ ಯಾವುದೆಂದು ನಿರ್ಧರಿಸುತ್ತಿದ್ದರು. ಒಬ್ಬನು ಅದನ್ನು ತೊಗಲಿನ ಮೇಲೆ ಬಣ್ಣದಲ್ಲಿ ಬಿಡಿಸುತ್ತಿದ್ದನು. ಲೋನ್ ಡಾಗ್ ಎಂಬಾತನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಇಂಥ ಒಂದು ತೊಗಲಿನಲ್ಲಿ 1800ರಿಂದ 1871ರವರೆಗಿನ ವರ್ಷಗಳು ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತವೆ. ಮೈತುಂಬ ಚುಕ್ಕೆಗಳಿರುವ ಮನುಷ್ಯ ಎಂದರೆ ಸಿಡುಬು ಬಂದ ವರ್ಷ. 1833ರ ನವೆಂಬರಿನಲ್ಲಿ ಆಕಾಶದಿಂದ ಉಲ್ಕೆಗಳ ಮಳೆಯೇ ಸುರಿದದ್ದು ಅಲ್ಲಿ ನಕ್ಷತ್ರಗಳಾಗಿ ದಾಖಲಾಗಿದೆ. ಬಿಳಿಯ ಚಿತ್ರಕಾರರು ಬಂದು ಈ ಜನರಿಗೆ ಚಿತ್ರಕಲೆಯನ್ನು ಕಲಿಸಿದರೆಂದು ಯಾರಾದರೂ ತಿಳಿದಿದ್ದರೆ ಆ ತೊಗಲುಗಳನ್ನು ನೋಡಿದರೆ ಸಾಕು.

ಹೊರಗಿನಿಂದ ಬಂದ ಚಿತ್ರಕಾರರಲ್ಲಿ ಮೊದಲು ನೆನೆಯಬೇಕಾದ ಹೆಸರು ಜಾರ್ಜ್ ಕ್ಯಾಟ್ಲಿನ್. 1796ರಲ್ಲಿ ಪೆನ್ಸಿಲ್ವೇನಿಯದಲ್ಲಿ ಹುಟ್ಟಿದ ಈತ ಓದಿದ್ದು ವಕೀಲಿ. ಚಿತ್ರಕಲೆಯನ್ನು ಬಹುಮಟ್ಟಿಗೆ ತಾನೇ ಕಲಿತ. ಮೂಲನಿವಾಸಿಗಳ ಬದುಕು ಅಳಿದುಹೋಗುವ ಮೊದಲೇ ಅದನ್ನು ಬಣ್ಣದಲ್ಲಿ ಹಿಡಿದಿಡಬೇಕೆಂಬ ಹಟ ಹೊತ್ತು 1832ರಲ್ಲಿ ಉಗಿಹಡಗು ಹತ್ತಿ ಮಿಸ್ಸೂರಿ ನದಿಯ ಮೇಲ್ಭಾಗಕ್ಕೆ, ಸುಮಾರು ಎರಡು ಸಾವಿರ ಮೈಲಿ ದೂರ ಹೋದ. ಮುಖ್ಯಸ್ಥರ ಮುಖಗಳು, ಕುಣಿತಗಳು, ಬೇಟೆಗಳು, ತೋಳದ ತೊಗಲು ಹೊದ್ದು ತೆವಳುತ್ತ ಬೈಸನ್ ಮಂದೆಯನ್ನು ಸಮೀಪಿಸುವ ಬೇಟೆಗಾರರು, ಹೀಗೆ ಐದುನೂರಕ್ಕೂ ಮಿಕ್ಕಿ ಚಿತ್ರಗಳನ್ನು ಬರೆದ. ಕಣ್ಣಿಗೆ ಕಂಡದ್ದನ್ನು ಓಡುವ ಕೈಯಲ್ಲಿ ಹಿಡಿದ ಚಿತ್ರಗಳವು. ಅಂಗಪ್ರಮಾಣದಲ್ಲಿ ತಪ್ಪುಗಳುಂಟು, ಜೀವಕ್ಕೆ ಕೊರತೆಯಿಲ್ಲ.

ಆ ಪ್ರವಾಸದಲ್ಲಿ ಆತ ಕೇಳಿ ಬರೆದಿಟ್ಟ ಒಂದು ಸಂಗತಿ ಮುಂದಿನ ಅನಾಹುತಕ್ಕೆ ಮುನ್ಸೂಚನೆಯಂತಿದೆ. ಫೋರ್ಟ್ ಪಿಯರ್ ಎಂಬ ವ್ಯಾಪಾರದ ಕೋಟೆಗೆ ಒಂದು ದಿನ ಸೂ ಜನಾಂಗದ ಐದಾರು ನೂರು ಸವಾರರು ಒಂದು ಸಾವಿರದ ನಾನೂರು ಬೈಸನ್ ನಾಲಗೆಗಳನ್ನು ತಂದು ಸುರಿದರಂತೆ. ಬದಲಿಗೆ ವ್ಯಾಪಾರಿಗಳು ಕೊಟ್ಟದ್ದು ಕೆಲವೇ ಗ್ಯಾಲನ್ ವಿಸ್ಕಿ. ಮಾಂಸ, ತೊಗಲು ಎಲ್ಲವೂ ಬಯಲಿನಲ್ಲೇ ತೋಳಗಳ ಪಾಲಾಯಿತು. ಈ ವ್ಯಾಪಾರ ಎರಡನ್ನೂ ನುಂಗುವುದೆಂದು, ಮೃಗವನ್ನೂ ಮನುಷ್ಯನನ್ನೂ, ಕ್ಯಾಟ್ಲಿನ್ನನಿಗೆ ಆಗಲೇ ಹೊಳೆಯಿತು. ಅಲ್ಲಿಂದಲೇ ಆತ ಒಂದು ಹೊಸ ವಿಚಾರವನ್ನು ಮುಂದಿಟ್ಟ. ಸರ್ಕಾರ ಈ ಬಯಲಿನ ಒಂದು ದೊಡ್ಡ ಭಾಗವನ್ನು ರಾಷ್ಟ್ರದ ಉದ್ಯಾನವಾಗಿ ಕಾದಿರಿಸಬೇಕು. ಅಲ್ಲಿ ಮೃಗಗಳೂ ಮೂಲನಿವಾಸಿಗಳೂ ಹಿಂದಿನಂತೆಯೇ ಬಾಳಬೇಕು. 1832ರಲ್ಲಿ ಇಂಥ ಮಾತನ್ನಾಡಿದವರು ಬೇರೆ ಯಾರೂ ಕಾಣಸಿಗುವುದಿಲ್ಲ. ಸರ್ಕಾರ ಆತನ ಉದ್ಯಾನದ ಮಾತನ್ನೂ ಕೇಳಲಿಲ್ಲ, ಚಿತ್ರಗಳನ್ನೂ ಕೊಳ್ಳಲಿಲ್ಲ. ಅವುಗಳನ್ನು ಯೂರೋಪಿಗೆ ಹೊತ್ತೊಯ್ದು ಪ್ರದರ್ಶಿಸಿದ ಕ್ಯಾಟ್ಲಿನ್ 1852ರಲ್ಲಿ ಲಂಡನ್ನಿನಲ್ಲಿ ದಿವಾಳಿಯೆದ್ದ. ಫಿಲಡೆಲ್ಫಿಯದ ಒಬ್ಬ ಉದ್ಯಮಿ ಸಾಲ ತೀರಿಸಿ ಚಿತ್ರಗಳನ್ನು ತನ್ನ ಬಾಯ್ಲರ್ ಕಾರ್ಖಾನೆಯಲ್ಲಿ ತುಂಬಿಟ್ಟ. ಕ್ಯಾಟ್ಲಿನ್ ತೀರಿಕೊಂಡ ಏಳು ವರ್ಷಗಳ ಮೇಲೆ, 1879ರಲ್ಲಿ, ಆ ಉದ್ಯಮಿಯ ವಿಧವೆ ಅವನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ದಾನ ಕೊಟ್ಟಳು.

ಕ್ಯಾಟ್ಲಿನ್ನನ ಹಿಂದೆಯೇ ಅದೇ ನದಿಯಲ್ಲಿ ಬಂದವನು ಸ್ವಿಟ್ಜರ್‌ಲೆಂಡಿನ ತರುಣ ಕಾರ್ಲ್ ಬೋಡ್ಮರ್. ಮ್ಯಾಕ್ಸಿಮಿಲಿಯನ್ ಎಂಬ ಜರ್ಮನ್ ರಾಜಕುಮಾರ ತನ್ನ ವೈಜ್ಞಾನಿಕ ಪ್ರವಾಸಕ್ಕೆ ಈತನನ್ನು ಚಿತ್ರಕಾರನಾಗಿ ಕರೆತಂದಿದ್ದ. 1833-34ರ ಕಡುಚಳಿಗಾಲವನ್ನು ಇವರು ಮ್ಯಾಂಡನ್ ಜನರ ಊರುಗಳ ಪಕ್ಕದ ಕೋಟೆಯಲ್ಲಿ ಕಳೆದರು. ಬೋಡ್ಮರನ ಜಲವರ್ಣಗಳಲ್ಲಿ ಕೊರಳಿನ ಒಂದೊಂದು ಮಣಿಯನ್ನೂ ಎಣಿಸಬಹುದು. ಮ್ಯಾಂಡನ್ನರ ನಾಯಕ ಮಾಟೊ-ಟೋಪೆಯನ್ನು, ಎಂದರೆ 'ನಾಲ್ಕು ಕರಡಿ' ಎಂಬ ಹೆಸರಿನವನನ್ನು, ಇಬ್ಬರು ಚಿತ್ರಕಾರರೂ ಬರೆದಿದ್ದಾರೆ. ಆ ನಾಯಕ ಸ್ವತಃ ಚಿತ್ರಕಾರನಾಗಿದ್ದ. ತನ್ನ ಯುದ್ಧಸಾಹಸಗಳನ್ನು ಬೈಸನ್ ತೊಗಲಿನ ಮೇಲೆ ಬರೆದು ಅತಿಥಿಗಳಿಗೆ ಕೊಟ್ಟಿದ್ದ. 1837ರ ಬೇಸಗೆಯಲ್ಲಿ ಸರಕು ಹೊತ್ತ ಒಂದು ಉಗಿಹಡಗು ಸಿಡುಬನ್ನೂ ಹೊತ್ತು ಅದೇ ಊರಿಗೆ ಬಂತು. ಕೆಲವೇ ತಿಂಗಳುಗಳಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚಿದ್ದ ಮ್ಯಾಂಡನ್ನರಲ್ಲಿ ಉಳಿದವರು ನೂರು ನೂರೈವತ್ತು ಮಂದಿ. ಮಾಟೊ-ಟೋಪೆಯೂ ಸತ್ತ. ಕ್ಯಾಟ್ಲಿನ್ ಬಂದು ಹೋಗಿ ಆಗ ಐದೇ ವರ್ಷವಾಗಿತ್ತು.

ಮೃಗದ ಸರದಿ ಬಂದದ್ದು ಇನ್ನೊಂದು ಮೂವತ್ತು ವರ್ಷಗಳ ಮೇಲೆ. 1869ರ ಮೇ 10ರಂದು ಯೂಟಾದಲ್ಲಿ ಪೂರ್ವ ಪಶ್ಚಿಮದ ರೈಲುಹಳಿಗಳು ಕೂಡಿದವು. 1871ರ ಸುಮಾರಿಗೆ ಬೈಸನ್ ತೊಗಲನ್ನು ಕಾರ್ಖಾನೆಯ ಚರ್ಮವಾಗಿ ಹದಮಾಡುವ ವಿಧಾನ ಸಿದ್ಧಿಸಿತು. ಕೈಗಾರಿಕಾ ನಗರಗಳ ಯಂತ್ರಗಳನ್ನು ತಿರುಗಿಸುವ ಪಟ್ಟಿಗಳಿಗೆ ಗಟ್ಟಿ ಚರ್ಮ ಬೇಕಾಗಿತ್ತು. ದೂರ ಹಾರುವ ಬಂದೂಕು, ಹತ್ತಿರದಲ್ಲೇ ರೈಲು, ಕೊಳ್ಳಲು ಸಿದ್ಧವಾದ ಪೇಟೆ, ಮೂರೂ ಕೂಡಿದ ಮೇಲೆ ಇನ್ನೇನು ಬೇಕು? 1874ರ ಹೊತ್ತಿಗೆ ಕ್ಯಾನ್ಸಸ್ ಸುತ್ತಿನ ಮಂದೆಗಳು ಬರಿದಾದವು. 1883ರ ಹೊತ್ತಿಗೆ ಮಾಂಟಾನ ಸೀಮೆಯವೂ ಮುಗಿದವು. ಆಮೇಲೆ ಬಯಲಿನಲ್ಲಿ ಉಳಿದದ್ದು ಮೂಳೆ. ಅದನ್ನೂ ಗೋರಿ ರೈಲಿಗೆ ತುಂಬಿ ಗೊಬ್ಬರಕ್ಕೂ ಸಕ್ಕರೆ ಬಿಳುಪು ಮಾಡುವ ಇದ್ದಲಿಗೂ ಮಾರಿದರು.

ಇದು ಕೇವಲ ವ್ಯಾಪಾರಿಗಳ ದುರಾಸೆಯೆಂದು ಹೇಳಿ ಮುಗಿಸುವಂತಿಲ್ಲ. 1873ರ ತನ್ನ ವಾರ್ಷಿಕ ವರದಿಯಲ್ಲಿ ಒಳಾಡಳಿತ ಖಾತೆಯ ಕಾರ್ಯದರ್ಶಿ ಕೊಲಂಬಸ್ ಡೆಲಾನೊ, ಬೈಸನ್ ಪೂರ್ತಿ ಇಲ್ಲವಾದರೂ ತನಗೆ ವಿಶೇಷ ವಿಷಾದವಿಲ್ಲ, ಏಕೆಂದರೆ ಆಗ ಇಂಡಿಯನ್ನರು ಮಣಿಯುತ್ತಾರೆ ಎಂಬ ಅರ್ಥದ ಮಾತನ್ನು ಬರೆದ. ಮರುವರ್ಷ ಮೃಗದ ರಕ್ಷಣೆಗೆಂದು ಕಾಂಗ್ರೆಸ್ ಒಂದು ಮಸೂದೆಯನ್ನು ಅಂಗೀಕರಿಸಿತು. ಅಧ್ಯಕ್ಷ ಗ್ರಾಂಟ್ ಸಹಿಹಾಕದೆ ಅದು ಬಿದ್ದುಹೋಯಿತು. ಅನ್ನದ ಬೇರನ್ನೇ ಕಿತ್ತರೆ ಜನ ತಾವಾಗಿ ಸರ್ಕಾರ ತೋರಿಸಿದ ಮೀಸಲು ನೆಲಕ್ಕೆ ಹೋಗಿ ಪಡಿತರಕ್ಕೆ ಕೈಚಾಚುತ್ತಾರೆಂಬುದು ಆಳುವವರಿಗೆ ಚೆನ್ನಾಗಿ ತಿಳಿದಿತ್ತು. ಹಾಗೆಯೇ ಆಯಿತು.

ಹೀಗೆ ಮಣಿಯದೆ ಹೋರಾಡಿದ ಕಯೊವ, ಶಯನ್ ಮೊದಲಾದ ಜನಾಂಗಗಳ ಎಪ್ಪತ್ತೆರಡು ಮಂದಿಯನ್ನು 1875ರಲ್ಲಿ ಸಂಕೋಲೆ ತೊಡಿಸಿ, ಅವರ ಬಯಲಿನಿಂದ ಸಾವಿರಾರು ಕಿಲೋಮೀಟರ್ ದೂರದ ಫ್ಲಾರಿಡಾದ ಕಡಲತಡಿಯ ಫೋರ್ಟ್ ಮೇರಿಯನ್ ಕೋಟೆಯಲ್ಲಿ ಮೂರು ವರ್ಷ ಸೆರೆಯಿಟ್ಟರು. ಅಲ್ಲಿ ತೊಗಲೆಲ್ಲಿಂದ ಬರಬೇಕು? ಕೋಟೆಯ ಅಧಿಕಾರಿ ಕೊಟ್ಟ ಕಾಗದ, ಪೆನ್ಸಿಲ್, ಬಣ್ಣಗಳಲ್ಲಿ ಅವರು ತಮ್ಮ ಬೇಟೆಗಳನ್ನೂ ಕುಣಿತಗಳನ್ನೂ ರೈಲುಪ್ರಯಾಣವನ್ನೂ ಬರೆದರು. ಊರಿಗೆ ಬಂದ ಪ್ರವಾಸಿಗರು ಅವನ್ನು ಕೊಂಡುಕೊಂಡರು. ಹುಲ್ಲುಗಾವಲಿನಲ್ಲೂ ಆ ಹೊತ್ತಿಗೆ ತೊಗಲು ಸಿಗದಾದಾಗ ಜನ ವ್ಯಾಪಾರಿಗಳ, ಸೈನಿಕರ ಲೆಕ್ಕದ ಪುಸ್ತಕಗಳ ಹಾಳೆಗಳ ಮೇಲೆಯೇ ಚಿತ್ರ ಬರೆಯತೊಡಗಿದ್ದರು. ಇಂದು 'ಲೆಡ್ಜರ್ ಚಿತ್ರ'ಗಳೆಂದು ಹೆಸರಾಗಿರುವುದು ಇವೇ. ಸೆರೆಯಾಳುಗಳಲ್ಲಿ ವೊಹಾ ಎಂಬ ಕಯೊವ ತರುಣ 1877ರಲ್ಲಿ ಬರೆದ ಒಂದು ಚಿತ್ರವನ್ನು ಕುರಿತು ಇಲ್ಲಿ ಹೇಳಲೇಬೇಕು. ನಡುವೆ ಒಬ್ಬ ಮನುಷ್ಯ ಎರಡೂ ಕೈ ಚಾಚಿ ನಿಂತಿದ್ದಾನೆ. ಒಂದು ಕಡೆ ಬೈಸನ್, ಇನ್ನೊಂದು ಕಡೆ ಬಿಳಿಯರ ಸಾಕುದನ. ಎರಡರ ಬಾಯಿಂದಲೂ ಉಸಿರು ಅವನತ್ತ ಹರಿಯುತ್ತಿದೆ. ಬೈಸನ್ನಿನ ಹಿಂದೆ ಗುಡಾರ, ದನದ ಹಿಂದೆ ಉತ್ತ ಹೊಲ ಮತ್ತು ಮನೆ. ಅವನ ಒಂದು ಹೆಜ್ಜೆ ಹೊಲದ ಕಡೆಗಿದೆ. ಗ್ರಂಥಗಳು ಪುಟಗಟ್ಟಲೆ ಹೇಳುವುದನ್ನು ಈತ ಒಂದು ಹಾಳೆಯಲ್ಲಿ ಹೇಳಿದ್ದಾನೆ.

ಈ ನಡುವೆ ಬಿಳಿಯರ ಚಿತ್ರಕಲೆ ಬೇರೊಂದು ದಾರಿ ಹಿಡಿದಿತ್ತು. 1871ರಲ್ಲಿ ಸರ್ಕಾರದ ಭೂವಿಜ್ಞಾನಿ ಹೇಡನ್ ಯೆಲ್ಲೊಸ್ಟೋನ್ ಕಣಿವೆಯನ್ನು ಶೋಧಿಸಲು ಹೋದಾಗ ಥಾಮಸ್ ಮೊರಾನ್ ಎಂಬ ಚಿತ್ರಕಾರನೂ ವಿಲಿಯಂ ಜ್ಯಾಕ್ಸನ್ ಎಂಬ ಛಾಯಾಗ್ರಾಹಕನೂ ಜೊತೆಗಿದ್ದರು. ಬಿಸಿನೀರಿನ ಚಿಲುಮೆಗಳು, ಹಳದಿ ಬಂಡೆಯ ಕಂದರಗಳು ಇವನ್ನೆಲ್ಲ ವಾಷಿಂಗ್ಟನ್ನಿನ ಪ್ರತಿನಿಧಿಗಳು ನಂಬಿದ್ದು ಇವರಿಬ್ಬರ ಚಿತ್ರಗಳನ್ನು ಕಂಡ ಮೇಲೆ. 1872ರ ಮಾರ್ಚ್ 1ರಂದು ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ಮೊರಾನನ ಹನ್ನೆರಡು ಅಡಿ ಅಗಲದ ಕಂದರದ ಚಿತ್ರವನ್ನು ಕಾಂಗ್ರೆಸ್ ಹತ್ತು ಸಾವಿರ ಡಾಲರಿಗೆ ಕೊಂಡಿತು. ಕ್ಯಾಟ್ಲಿನ್ನನ ಒಂದು ಚಿತ್ರವನ್ನೂ ಕೊಳ್ಳದಿದ್ದ ಕಾಂಗ್ರೆಸ್ಸು ಅದು. ಆತ ತೀರಿಕೊಂಡದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ. ಆತ ಕಂಡ ಕನಸು ಅರ್ಧ ಮಾತ್ರ ನಿಜವಾಗಿತ್ತು. ನೆಲವೇನೋ ಉಳಿಯಿತು, ಆದರೆ ಅಲ್ಲಿ ಬೆಟ್ಟದ ಕುರಿಗಳನ್ನು ಬೇಟೆಯಾಡಿ ಬಾಳುತ್ತಿದ್ದ ಶೋಶೋನಿ ಜನರನ್ನು ಆ ದಶಕ ಮುಗಿಯುವಷ್ಟರಲ್ಲಿ ಹೊರಗೆ ಕಳಿಸಲಾಯಿತು. ಮೃಗಗಳಿಗಾದರೂ ಕ್ಷೇಮವಿತ್ತೆ? ಅವನ್ನು ಕೊಂದವರನ್ನು ಶಿಕ್ಷಿಸುವ ಕಾಯಿದೆ ಬಂದದ್ದು 1894ರಲ್ಲಿ, ಇಪ್ಪತ್ತೆರಡು ವರ್ಷ ತಡವಾಗಿ.

1888ರಲ್ಲಿ ಆಲ್ಬರ್ಟ್ ಬೀರ್‌ಸ್ಟಾಟ್ ಎಂಬ ಹೆಸರಾಂತ ಚಿತ್ರಕಾರ 'ಕಡೆಯ ಬೈಸನ್' ಎಂಬರ್ಥದ ಹೆಸರಿಟ್ಟು ಒಂದು ಭಾರಿ ಚಿತ್ರವನ್ನು ಬರೆದ. ಬಿಳಿ ಕುದುರೆಯ ಮೇಲಿನ ಮೂಲನಿವಾಸಿ ಬೇಟೆಗಾರ ಭರ್ಜಿ ಎತ್ತಿ ತಿವಿಯುತ್ತಿದ್ದಾನೆ, ಗಾಯಗೊಂಡ ಹೋರಿ ಕುದುರೆಯ ಹೊಟ್ಟೆಗೆ ಕೊಂಬು ಹಾಯಿಸುತ್ತಿದೆ, ಸುತ್ತಲೂ ತಲೆಬುರುಡೆಗಳು, ದೂರದಲ್ಲಿ ಕಣ್ಣು ಹರಿಯುವವರೆಗೆ ಮಂದೆ. ನೋಡಲು ಭವ್ಯವಾದ ಚಿತ್ರ. ಆದರೆ ಅದರಲ್ಲಿ ಬಂದೂಕಿಲ್ಲ, ರೈಲಿಲ್ಲ, ಚರ್ಮದ ವ್ಯಾಪಾರಿಯಿಲ್ಲ. ಏನೂ ತಿಳಿಯದವನು ನೋಡಿದರೆ ಆ ಭರ್ಜಿಯೇ ಬೈಸನ್ನನ್ನು ಮುಗಿಸಿತೆಂದುಕೊಂಡಾನು! ಸುಂದರವಾದ ಚಿತ್ರವೊಂದು ಇಷ್ಟು ದೊಡ್ಡ ಸುಳ್ಳನ್ನು ಹೇಳಬಲ್ಲದೆಂಬುದನ್ನು ಚರಿತ್ರೆಯ ಅಭ್ಯಾಸಿಗಳಾದ ನಾವು ನೆನಪಿಡಬೇಕು.

ಆ ಕಾಲದ ವಿರೋಧಾಭಾಸಗಳೆಲ್ಲ ಒಬ್ಬನೇ ವ್ಯಕ್ತಿಯಲ್ಲಿ ಕೂಡಿದ್ದನ್ನು ಕಾಣಬೇಕಾದರೆ ವಿಲಿಯಂ ಹಾರ್ನಡೇಯನ್ನು ನೋಡಬೇಕು. ಸತ್ತ ಪ್ರಾಣಿಗಳ ತೊಗಲಿಗೆ ಹುಲ್ಲು ತುಂಬಿ ಜೀವಂತದಂತೆ ನಿಲ್ಲಿಸುವುದು ಈತನ ಕಸಬು. 1870ರ ದಶಕದ ಕೊನೆಯಲ್ಲಿ ಈತ ನಮ್ಮ ದಕ್ಷಿಣಕ್ಕೂ ಬಂದಿದ್ದ. ಅಮೆರಿಕದ ವಸ್ತುಸಂಗ್ರಹಾಲಯಗಳಿಗಾಗಿ ನೀಲಗಿರಿ, ಆನೆಮಲೆಗಳ ಕಾಡಿನಲ್ಲಿ ಆನೆ, ಹುಲಿ, ಕಾಟಿಗಳನ್ನು ಹೊಡೆದು ತೊಗಲು, ಮೂಳೆಗಳನ್ನು ಹಡಗಿಗೇರಿಸಿದ್ದ. 1886ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಒಳ್ಳೆಯ ಬೈಸನ್ ಮಾದರಿ ಒಂದೂ ಇಲ್ಲವೆಂದು ಕಂಡು ಮಾಂಟಾನಕ್ಕೆ ಹೋದ. ಮುಗಿಯುತ್ತ ಬಂದ ಮೃಗ ಎಂದು ತಿಳಿದೇ ಅಲ್ಲಿ ಸುಮಾರು ಇಪ್ಪತ್ತೈದನ್ನು ಹೊಡೆದ. ಆರನ್ನು ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿದ. ಆಮೇಲೆ ದೇಶದೆಲ್ಲೆಡೆಗೆ ಪತ್ರ ಬರೆದು ಲೆಕ್ಕ ಹಾಕಿದಾಗ 1889ರ ಜನವರಿಯಲ್ಲಿ ಉತ್ತರ ಅಮೆರಿಕದಲ್ಲಿ ಉಳಿದದ್ದು ಒಟ್ಟು 1,091 ಬೈಸನ್. ಅಮೆರಿಕ ಸಂಯುಕ್ತ ಸಂಸ್ಥಾನದ ಬಯಲಿನಲ್ಲಿ ಯಾವ ರಕ್ಷಣೆಯೂ ಇಲ್ಲದೆ ಓಡಾಡುತ್ತಿದ್ದವು ಕೇವಲ 85. ಆ ಲೆಕ್ಕವೇ ಅವನನ್ನು ಬದಲಿಸಿತು. ಬೇಟೆಗಾರನು ರಕ್ಷಕನಾದ. 1905ರಲ್ಲಿ ಹುಟ್ಟಿದ ಅಮೆರಿಕನ್ ಬೈಸನ್ ಸೊಸೈಟಿಗೆ ಈತ ಅಧ್ಯಕ್ಷ, ಥಿಯೋಡರ್ ರೂಸ್‌ವೆಲ್ಟ್ ಗೌರವಾಧ್ಯಕ್ಷ. 1907ರಲ್ಲಿ ನ್ಯೂಯಾರ್ಕ್ ಮೃಗಾಲಯದಲ್ಲಿ ಬೆಳೆದ ಹದಿನೈದು ಬೈಸನ್ನುಗಳು ರೈಲಿನಲ್ಲಿ ಓಕ್ಲಹೋಮದ ಬಯಲಿಗೆ ಮರಳಿದವು. ಅವನ್ನು ನೋಡಲು ಕೊಮಾಂಚಿ ಜನ ಮುದುಕರು ಮಕ್ಕಳೆನ್ನದೆ ಬಂದು ಕೂಡಿದ್ದರು. ಆದರೆ ಇದೇ ಹಾರ್ನಡೇ ಅದಕ್ಕೆ ಒಂದು ವರ್ಷದ ಹಿಂದೆ, 1906ರಲ್ಲಿ, ಓಟ ಬೆಂಗ ಎಂಬ ಕಾಂಗೋ ದೇಶದ ತರುಣನನ್ನು ಅದೇ ಮೃಗಾಲಯದ ಕೋತಿಗಳ ಮನೆಯಲ್ಲಿ ಪ್ರದರ್ಶನಕ್ಕಿಟ್ಟವನು. ಮೃಗದ ಮೇಲೆ ಕರುಣೆಯುಳ್ಳವನಿಗೆ ಮನುಷ್ಯನ ಮೇಲೂ ಇರಬೇಕೆಂಬ ನಿಯಮವೇನೂ ಇಲ್ಲ.

ಬೈಸನ್ನನ್ನು ಉಳಿಸಿದವರ ಕಥೆ ಇಲ್ಲಿಗೇ ಮುಗಿದರೆ ಅದೂ ಬೀರ್‌ಸ್ಟಾಟನ ಚಿತ್ರದಂತೆ ಅರೆಸತ್ಯವಾದೀತು. ಹಾರ್ನಡೇ ಲೆಕ್ಕ ಹಾಕುವ ಮೊದಲೇ, 1870ರ ದಶಕದಲ್ಲಿ, ಮೂಲನಿವಾಸಿಗಳೇ ಕೆಲವು ತಬ್ಬಲಿ ಕರುಗಳನ್ನು ಬೆಟ್ಟ ದಾಟಿಸಿ ಮಾಂಟಾನದ ಫ್ಲ್ಯಾಟ್‌ಹೆಡ್ ಕಣಿವೆಗೆ ತಂದು ಸಾಕಿದ್ದರು. 1884ರಲ್ಲಿ ಆ ಸಣ್ಣ ಮಂದೆಯನ್ನು ಮೈಕೆಲ್ ಪ್ಯಾಬ್ಲೊ ಮತ್ತು ಚಾರ್ಲ್ಸ್ ಅಲ್ಲಾರ್ಡ್ ಎಂಬಿಬ್ಬರು ಕೊಂಡರು. ಪ್ಯಾಬ್ಲೊನ ತಾಯಿ ಬ್ಲ್ಯಾಕ್‌ಫೀಟ್ ಜನಾಂಗದವಳು. ಮಂದೆ ಬೆಳೆದು ನೂರುಗಟ್ಟಲೆಯಾಯಿತು. 1902ರಲ್ಲಿ ಯೆಲ್ಲೊಸ್ಟೋನಿನ ಕಾಡು ಮಂದೆಯಲ್ಲಿ ಎರಡು ಡಜನ್ ಮಾತ್ರ ಉಳಿದಿದ್ದಾಗ ಹೊಸ ರಕ್ತಕ್ಕೆಂದು ತಂದ ಹದಿನೆಂಟು ಹೆಣ್ಣುಗಳು ಈ ಮಂದೆಯ ಕುಲದವೇ. ಮುಂದೆ ಸರ್ಕಾರ ಆ ಕಣಿವೆಯನ್ನು ಬಿಳಿಯ ವಸತಿಗೆ ತೆರೆಯಲು ನಿರ್ಧರಿಸಿದಾಗ ಪ್ಯಾಬ್ಲೊಗೆ ಮೇವಿನ ನೆಲ ಇಲ್ಲದಾಯಿತು. ಅಮೆರಿಕ ಸರ್ಕಾರ ಕೊಳ್ಳಲಿಲ್ಲ, ಕೆನಡ ಕೊಂಡಿತು. 1907ರಿಂದ 1912ರವರೆಗೆ ಸುಮಾರು ಏಳುನೂರು ಬೈಸನ್ನುಗಳನ್ನು ಹಿಡಿದು ರೈಲಿಗೇರಿಸಿದರು. ಆ ಹಿಡಿತವನ್ನು ಕಣ್ಣಾರೆ ಕಂಡು ಬರೆದವನು ಚಾರ್ಲ್ಸ್ ರಸೆಲ್. ತರುಣನಾಗಿ ಮಾಂಟಾನಕ್ಕೆ ಬಂದು ದನಗಾಹಿಯಾಗಿ ದುಡಿದು ಚಿತ್ರಕಾರನಾದ ರಸೆಲ್ ತನ್ನ ಸಹಿಯ ಪಕ್ಕದಲ್ಲಿ ಯಾವಾಗಲೂ ಒಂದು ಬೈಸನ್ ತಲೆಬುರುಡೆಯನ್ನು ಬರೆಯುತ್ತಿದ್ದ.

1908ರಲ್ಲಿ ಅದೇ ಕಣಿವೆಯಲ್ಲಿ, ಅದೇ ಜನರ ಮೀಸಲು ನೆಲದಿಂದ ಹದಿನೆಂಟು ಸಾವಿರ ಎಕರೆಗೂ ಹೆಚ್ಚಿನ ಭಾಗವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದುಕೊಂಡು ಸರ್ಕಾರ ರಾಷ್ಟ್ರೀಯ ಬೈಸನ್ ಧಾಮವನ್ನು ಸ್ಥಾಪಿಸಿತು. ಮೃಗವನ್ನು ಉಳಿಸಿಕೊಟ್ಟವರು ಬೇಲಿಯ ಹೊರಗೆ ನಿಂತರು. 1913ರಲ್ಲಿ ಐದು ಸೆಂಟಿನ ನಾಣ್ಯದ ಒಂದು ಮುಖದಲ್ಲಿ ಮೂಲನಿವಾಸಿಯ ತಲೆಯೂ ಇನ್ನೊಂದು ಮುಖದಲ್ಲಿ ಬೈಸನ್ನೂ ಅಚ್ಚಾದವು. ಶಿಲ್ಪಿ ಜೇಮ್ಸ್ ಫ್ರೇಸರನಿಗೆ ಮಾದರಿಯಾಗಿದ್ದದ್ದು ನ್ಯೂಯಾರ್ಕಿನ ಬ್ಲ್ಯಾಕ್ ಡೈಮಂಡ್ ಎಂಬ ಹೋರಿಯೆಂದು ಪ್ರತೀತಿ; ಎರಡು ವರ್ಷಗಳ ಮೇಲೆ ಅದನ್ನು ಕಡಿದು ಮಾಂಸಕ್ಕೆ ಮಾರಲಾಯಿತು.

ಆದರೂ 'ಕಡೆಯ' ಎಂದು ಚಿತ್ರಕಾರರು ಬರೆದ ಮಾತನ್ನು ಕಾಲ ಸುಳ್ಳುಮಾಡಿದೆ. ಇಂದು ಉತ್ತರ ಅಮೆರಿಕದಲ್ಲಿ ಬೈಸನ್ನುಗಳು ಲಕ್ಷಗಟ್ಟಲೆ ಇವೆ. ಬಹುಪಾಲು ಮಾಂಸಕ್ಕಾಗಿ ಸಾಕಿದವು ನಿಜ. ಕಾದಿಟ್ಟ ನೆಲದಲ್ಲಿ ಸ್ವೇಚ್ಛೆಯಾಗಿ ಮೇಯುವವೂ ಸಾವಿರಾರು ಇವೆ. 2016ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಸಸ್ತನಿಯೆಂದು ಘೋಷಿತವಾಯಿತು. ನೂರೈವತ್ತಕ್ಕೆ ಇಳಿದಿದ್ದ ಮ್ಯಾಂಡನ್ನರ ಸಂತತಿ ಇಂದಿಗೂ ಉತ್ತರ ಡಕೋಟದಲ್ಲಿ ಹಿದಾತ್ಸ, ಅರಿಕಾರ ಜನರೊಡನೆ ಒಂದು ಜನಪದವಾಗಿ ಬಾಳುತ್ತಿದೆ. 2020ರ ಡಿಸೆಂಬರಿನ ಒಂದು ಕಾಯಿದೆಯಿಂದ ಫ್ಲ್ಯಾಟ್‌ಹೆಡ್ ಕಣಿವೆಯ ಬೈಸನ್ ಧಾಮ ಸೇಲಿಶ್ ಮತ್ತು ಕೂಟೆನೈ ಜನಾಂಗಗಳಿಗೆ ಮರಳಿ ಸೇರಿತು. ನೆಲ ಕೈಬಿಟ್ಟು ಆಗಲೇ ನೂರಹನ್ನೆರಡು ವರ್ಷ ಕಳೆದಿತ್ತು.

ಒಂದು ಜನವೋ ಒಂದು ಮೃಗವೋ ಅಳಿಯುವುದು ವಿಧಿಲಿಖಿತವೆಂದು ಒಮ್ಮೆ ಒಪ್ಪಿಬಿಟ್ಟರೆ ಅಳಿಸುವವನ ಕೆಲಸ ಹಗುರವಾಗುತ್ತದೆ. ನೋಡುವವನಿಗೆ ಉಳಿಯುವುದು ಮರುಕ ಮಾತ್ರ. ಕ್ಯಾಟ್ಲಿನ್, ಬೋಡ್ಮರ್ ಇವರ ಚಿತ್ರಗಳಿಗೆ ನಾವು ಋಣಿಗಳು. ಅವು ಇಲ್ಲದಿದ್ದರೆ ಮಾಟೊ-ಟೋಪೆಯ ಮುಖ ನಮಗೆ ಕಾಣುತ್ತಿರಲಿಲ್ಲ. ಹಾಗೆಯೇ ಅವುಗಳ ಪಕ್ಕದಲ್ಲಿ ಸೆರೆಮನೆಯ ಕಾಗದದ ಮೇಲೆ ವೊಹಾ ಬರೆದ ಚಿತ್ರವನ್ನೂ ಇಟ್ಟು ನೋಡುವುದು ನ್ಯಾಯ. ಅದರಲ್ಲಿ ಯಾರೂ ಸಾಯುತ್ತಿಲ್ಲ. ಎರಡು ಮೃಗಗಳ ನಡುವೆ ನಿಂತವನು ಮುಂದೆ ಹೇಗೆ ಬಾಳಲಿ ಎಂದು ಯೋಚಿಸುತ್ತಿದ್ದಾನೆ.